ಹೆದರಿದ ಕೈ ಎತ್ತ ಹೋಗುತ್ತದೆ

ಕ್ಯಾರನೇಜ್, ಟ್ರಿನಿಡಾಡ್
೯ ಮಾರ್ಚ್ ೧೯೯೭

ಜೋಸೆಟ್,

ಕಾಗದ ಬರೆಯುವುದೆಂದರೆ ನನಗೆ ಹಲ್ಲು ಕೀಳಿಸಿಕೊಂಡ ಹಾಗೆ. ಅದು ನಿನಗೆ ಗೊತ್ತು. ಗೊತ್ತಿದ್ದೂ ‘ಪಪ್ಪಾ ಬರೆದೇ ತಿಳಿಸಲಿ’ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೀಯ. ಫೋನಿನಲ್ಲಿ ನನಗೆ ಏನೂ ಕೇಳಿಸುವುದಿಲ್ಲ, ನಿಜ. ಪಂದ್ಯದ ದೋಣಿಗಳ ಎಂಜಿನ್ನುಗಳ ಮುಂದೆ ಆಯುಸ್ಸು ಕಳೆದವನ ಕಿವಿಯಲ್ಲಿ ಏನು ಉಳಿದೀತು? ಆದರೆ ನಾನು ಹೇಳಿದ್ದನ್ನು ನಿನ್ನ ಅಮ್ಮ ಯೂನಾ ನಿನಗೆ ದಾಟಿಸಬಹುದಿತ್ತು. ಕೇಳಿದ್ದಕ್ಕೆ ಅವಳು, ‘ನಿಮ್ಮ ದೋಣಿ ತಳಗಿಳ ನಂಗೇನ್ ಗೊತ್ತಾಗ್ಬೇಕು? ನಾನು ಒಂದು ಹೇಳಿ ಅವ್ಳಿಗೆ ಇನ್ನೊಂದು ಕೇಳ್ಸಿದ್ರೆ ಇಬ್ರೂ ಮಕ್ಳನ್ನ ಕಳ್ಕೊಳ್ಬೇಕು. ನೀವೇ ಬರೀರಿ’ ಎಂದು ಕಾಗದ, ಪೆನ್ನು ಎರಡನ್ನೂ ಮೇಜಿನ ಮೇಲೆ ಕುಕ್ಕಿ ಹೋದಳು. ಶಾಲೆಯಲ್ಲಿ ಬೆಂಚು ಬಿಸಿಯಾಗುವ ಮೊದಲೇ ಎದ್ದು ಬಂದವನ ಅಕ್ಷರ ಇದು. ಓದಲಾಗದಿದ್ದರೆ ಸ್ವಲ್ಪ ದೂರ ಹಿಡಿದು ಓದು.

ವಿಷಯಕ್ಕೆ ಬರುತ್ತೇನೆ. ಹಾರ್ಡ್‌ವೇರ್ ಅಂಗಡಿಯ ಮೊಹಿಪ್ ಈ ವರ್ಷ ಹೊಸ ದೋಣಿ ಕೊಳ್ಳುತ್ತಾನೆ, ಫ್ಲಾರಿಡಾದಲ್ಲಿ ಕೂತ ನೀನು ಅದನ್ನು ಆರಿಸುತ್ತೀಯ, ಆಗಸ್ಟಿನಲ್ಲಿ ಬಂದು ಟೊಬೇಗೋ ಪಂದ್ಯದಲ್ಲಿ ಸ್ಟಿಯರಿಂಗ್ ಹಿಡಿಯುತ್ತೀಯ, ಪಕ್ಕದಲ್ಲಿ ನಿನ್ನ ತಮ್ಮ ರಾಲ್ ವೇಗದ ಹಿಡಿಕೆ ಹಿಡಿಯುತ್ತಾನೆ. ನನಗಿರುವುದು ಇಬ್ಬರೇ ಮಕ್ಕಳು. ಇಬ್ಬರೂ ಒಂದೇ ದೋಣಿಯಲ್ಲಿ. ನನ್ನನ್ನು ಯಾರೂ ಕೇಳಲಿಲ್ಲ. ಈಗ ತಳ ಯಾವುದಿರಲಿ ಎಂದು ಮಾತ್ರ ಕೇಳುತ್ತಿದ್ದೀಯ.

ಆಳ ತಳದ್ದನ್ನೇ ತಗೋ. ಕೊಡಲಿಯ ಹಾಗೆ ಚೂಪಾದ ತಳ ಅದು, ಅಲೆಯನ್ನು ಸೀಳುತ್ತದೆ. ಮೇಲಕ್ಕೆ ಹಾರಿ ಬಿದ್ದಾಗ ಸೊಂಟ ಮುರಿದ ಹಾಗಾಗುತ್ತದೆ, ಇಳಿದ ಮೇಲೆ ವಾರ ಪೂರ್ತಿ ಬಗ್ಗಿ ನಡೆಯಬೇಕು. ಆದರೆ ಅದು ಏನು ಮಾಡಲಿದೆ ಎಂದು ಕೂತವರಿಗೆ ಮೊದಲೇ ತಿಳಿಯುತ್ತದೆ. ಮೋಸ ಮಾಡುವ ದೋಣಿಯಲ್ಲ.

ಜೋಡಿ ತಳದ್ದನ್ನು ಕಣ್ಣೆತ್ತಿಯೂ ನೋಡಬೇಡ. ನಿಮ್ಮ ಊರಿನ ಕೆರೆಗಳಲ್ಲಿ ಅದು ರಾಣಿಯೇ ಇರಬಹುದು. ನಮ್ಮ ಉತ್ತರದ ಕಡಲು ಕೆರೆಯಲ್ಲ. ಎರಡು ತಳಗಳ ನಡುವಿನ ಸುರಂಗಕ್ಕೆ ಗಾಳಿ ತುಂಬಿಯೇ ಅದು ಹಗುರಾಗಿ ಓಡುವುದು. ಅಲೆಯ ತುದಿಯಲ್ಲಿ ಮೂತಿ ಎತ್ತಿದಾಗ ಅದೇ ಗಾಳಿ ಅದನ್ನು ಹಿಂದಕ್ಕೆ ಮಗುಚುತ್ತದೆ. ಮರಾಕಸ್ ಕೊಲ್ಲಿಯ ಎದುರು ಬರ್ಟ್ರಂಡನ ದೋಣಿ ಹಾಗೆ ಮಗುಚಿದ್ದನ್ನು ನಾನು ಹಿಂದಿನ ದೋಣಿಯಲ್ಲಿ ಕೂತು ನೋಡಿದವನು. ಅದರ ಹೊಟ್ಟೆ ಆಕಾಶ ನೋಡುತ್ತಿತ್ತು. ಬಿಳಿ ಬಣ್ಣ, ಹೊಸದಾಗಿ ಬಳಿದದ್ದು. ಅಷ್ಟು ಸಾಕು.

ಮೂರನೆಯದು, ಈಗ ಎಲ್ಲರೂ ಜಪಿಸುವ ಮೆಟ್ಟಿಲು ತಳ. ಆಳ ತಳಕ್ಕೇ ಅಡ್ಡಡ್ಡ ಮೆಟ್ಟಿಲು ಕಡಿದು ಅಡಿಯಲ್ಲಿ ಗಾಳಿ ಸೇರಿಸುತ್ತಾರಂತೆ, ನೀರು ಅಂಟಿಕೊಳ್ಳದ ಹಾಗೆ. ದೋಣಿ ನೀರಿಗೆ ಅಂಟಿಕೊಂಡಿರುವುದರಿಂದಲ್ಲವೇ ನಾವು ಇನ್ನೂ ಇರುವುದು? ಆ ದೋಣಿಯಲ್ಲಿ ನಾನು ಕೂತಿಲ್ಲ. ಕೂರದೆ ಮಾತಾಡುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ರಾಲ್ ದಪ್ಪಗಾಗಿದ್ದಾನೆ.

ನಿನ್ನ ಅಪ್ಪ,
ಯೂಸ್ಟಸ್ ಲೆಸಾಮಾ


ಫೋರ್ಟ್ ಲಾಡರ್‌ಡೇಲ್
೨ ಏಪ್ರಿಲ್ ೧೯೯೭

ಪ್ರೀತಿಯ ಪಪ್ಪಾ,

ನಿಮ್ಮ ಕಾಗದ ಓದಿ ನಗು ಬಂತು, ಆಮೇಲೆ ಮನೆಯ ನೆನಪಾಯಿತು. ನಮ್ಮ ಎಂಜಿನ್ ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ‘ನಿಮ್ಮಪ್ಪ ಇಲ್ಲಿಗೆ ಬಂದ್ರೆ ದೋಣಿ ಮಾರೋರೆಲ್ಲ ಅಂಗಡಿ ಮುಚ್ತಾರೆ’ ಎಂದರು.

ಜೋಡಿ ತಳ ಬೇಡ, ಒಪ್ಪಿದೆ. ಆಳ ತಳದ ಒಂದನ್ನು ನೋಡಿದೆ. ಗಟ್ಟಿ ಇದೆ, ಆದರೆ ತುಂಬಾ ಭಾರ. ಕಳೆದ ವರ್ಷ ನಮ್ಮನ್ನು ಹಿಂದೆ ಹಾಕಿದವರೆಲ್ಲ ಈ ವರ್ಷವೂ ಹಿಂದೆ ಹಾಕುತ್ತಾರೆ. ಮೆಟ್ಟಿಲು ತಳದ್ದನ್ನೂ ನೋಡಿದೆ. ಅದೇ ಎಂಜಿನ್ನುಗಳು, ಅದೇ ಉದ್ದ, ಆದರೂ ಆಳ ತಳದ್ದನ್ನು ಬೆನ್ನು ಹತ್ತಿ ದಾಟಿ ಹೋಯಿತು. ಮಾರುವವರ ಮನುಷ್ಯನೇ ಓಡಿಸಿದ, ನಾನು ಪಕ್ಕದಲ್ಲಿ ಕೂತಿದ್ದೆ. ಅಲೆಗೆ ಬಡಿಯುವುದೇ ಇಲ್ಲ ಪಪ್ಪಾ, ಜಾರಿಕೊಂಡು ಹೋಗುತ್ತದೆ. ನಿಮ್ಮ ಸೊಂಟ ಉಳಿಯುತ್ತಿತ್ತು.

ಮೊಹಿಪ್ ಅಂಕಲ್‌ಗೂ ಅದೇ ಆಸೆ. ಮುಂದಿನ ತಿಂಗಳು ಸಮುದ್ರದಲ್ಲಿ ಓಡಿಸಿ ನೋಡಬಹುದಂತೆ. ಅಷ್ಟರೊಳಗೆ ಕಾರಣ ಸಮೇತ ಬೇಡ ಅನ್ನಿ, ಕೇಳುತ್ತೇನೆ. ಸುಮ್ಮನೆ ಗದರಿದರೆ ಕೇಳುವುದಿಲ್ಲ.

ನಿಮ್ಮ ಮಗಳು,
ಜೋಸೆಟ್


ಕ್ಯಾರನೇಜ್
೨೦ ಏಪ್ರಿಲ್ ೧೯೯೭

ಜೋಸೆಟ್,

ಕಾರಣ ಬೇಕೇ? ತಗೋ.

ಶಾಗ್ವರಾಮಸ್‌ನ ದೋಣಿ ಯಾರ್ಡಿಗೆ ಹೋಗಿದ್ದೆ. ಯಾರದೋ ಮೆಟ್ಟಿಲು ತಳದ ದೋಣಿಯೊಂದನ್ನು ನೀರಿನಿಂದ ಎತ್ತಿ ನಿಲ್ಲಿಸಿದ್ದಾರೆ ಎಂದು ರಾಲ್ ಹೇಳಿದ್ದ. ಅದರ ಅಡಿಗೆ ಅಂಗಾತ ತೆವಳಿಕೊಂಡು ಹೋಗಿ ಅಂಗೈಯಿಂದ ತಳ ಸವರಿದೆ. ಮೂತಿಯಿಂದ ಬರುತ್ತಾ ಬರುತ್ತಾ ನಯವಾಗಿದ್ದದ್ದು ಒಂದು ಕಡೆ ತಟ್ಟನೆ ಕಡಿದುಹೋಗುತ್ತದೆ, ಕತ್ತಲೆಯಲ್ಲಿ ಕೊನೆಯ ಮೆಟ್ಟಿಲು ತಪ್ಪಿದ ಹಾಗೆ. ಸ್ವಲ್ಪ ಹಿಂದೆ ಇನ್ನೊಂದು. ಕೆಲಸ ಅಚ್ಚುಕಟ್ಟಾಗಿದೆ, ತಪ್ಪು ಹುಡುಕುವ ಹಾಗಿಲ್ಲ. ಅಲ್ಲೇ ಮಲಗಿದ್ದೆ. ಯಾರ್ಡಿನ ಆಲ್ವಿನ್ ಬಗ್ಗಿ ನೋಡಿ ಕಿವಿಯ ಹತ್ತಿರ ಕೂಗಿದ.

‘ಏನ್ ಅಂಕಲ್, ಕೆಳಗೆ ಏನ್ ಕಳ್ಕೊಂಡ್ರಿ?’

‘ಮಕ್ಳನ್ನ ಹುಡುಕ್ತಾ ಇದೀನಿ ಕಣಯ್ಯ. ಇದು ತಿರುವಿನಲ್ಲಿ ಹೇಗೆ?’

‘ಬೆಣ್ಣೆ. ಆದ್ರೆ ತಿರುವಿಗೆ ಮುಂಚೆನೇ ವೇಗ ಇಳಿಸ್ಕೊಂಡ್ಬಿಡ್ಬೇಕು. ಒಳಗೆ ಹೊಕ್ಕ ಮೇಲೆ ಹಿಡಿಕೆ ಮುಟ್ಟೋ ಹಾಗಿಲ್ಲ.’

‘ಮುಟ್ಟಿದ್ರೆ? ವೇಗ ಇಳಿಸೋಕೆ ಹಿಂದಕ್ಕೆ ಎಳೆದ್ರೆ?’

ಆಲ್ವಿನ್ ಅಂಗೈಯನ್ನು ಗಾಳಿಯಲ್ಲಿ ಓಡಿಸಿಕೊಂಡು ಬಂದು ಗಿರಕ್ಕನೆ ತಿರುಗಿಸಿದ. ಬೆರಳಿದ್ದ ಕಡೆ ಮಣಿಕಟ್ಟು ಬಂತು. ಮೂತಿ ನೀರಿಗೆ ಚುಚ್ಚಿಕೊಳ್ಳುತ್ತದೆ, ಅಡಿಯಲ್ಲಿ ಗಾಳಿ ಇರುವುದರಿಂದ ಬಾಲಕ್ಕೆ ಹಿಡಿತವಿಲ್ಲ, ಅದು ಬೀಸಿಕೊಂಡು ಮುಂದಕ್ಕೆ ಬರುತ್ತದೆ. ಒಳಗಿದ್ದವರು ಹೊರಗೆ ಹೋಗುತ್ತಾರೆ.

ನಾನು ಎದ್ದು ಬಂದು ಒಂದು ಪೆಟ್ಟಿಗೆಯ ಮೇಲೆ ಕೂತೆ. ಆಲ್ವಿನ್ ನೀರು ತಂದುಕೊಟ್ಟ.

ಯಾಕೆ ಗೊತ್ತೇ? ಮೀನಿನ ದೋಣಿಯಲ್ಲಿ ನಿಮ್ಮಿಬ್ಬರನ್ನೂ ಕೂರಿಸಿಕೊಂಡು ನಾನು ಮೊದಲು ಕಲಿಸಿದ್ದೇ ಇದು. ಹೆದರಿಕೆ ಆಯಿತೋ, ಹಿಡಿಕೆಯ ಕೈ ಹಿಂದೆ. ಅಲೆ ಕಂಡಿತೋ, ಕೈ ಹಿಂದೆ. ಯೋಚನೆ ಆಮೇಲೆ, ಮೊದಲು ಕೈ ಹಿಂದೆ. ಮರೆತಾಗ ಬೆರಳ ಗೆಣ್ಣಿನ ಮೇಲೆ ಪೆಟ್ಟು ಕೊಟ್ಟಿದ್ದೇನೆ. ಅದು ತಪ್ಪು ಪಾಠವಲ್ಲ. ಆಳ ತಳದಲ್ಲಿ ಹಿಡಿಕೆ ಎಳೆದರೆ ದೋಣಿ ನೀರಿಗೆ ಕೂರುತ್ತದೆ, ಎಂಜಿನ್ನೂ ಉಳಿಯುತ್ತದೆ, ನೀವೂ ಉಳಿಯುತ್ತೀರಿ. ಅದರಿಂದಲೇ ನಾನು ಈ ಕಾಗದ ಬರೆಯುವಷ್ಟು ಮುದುಕನಾಗಿರುವುದು. ಮೆಟ್ಟಿಲು ತಳದಲ್ಲಿ ಅದೇ ಕೈ ಕೊಲ್ಲುತ್ತದೆ.

ಈಗ ಪಂದ್ಯದ ದಾರಿಯಲ್ಲಿ ಬರುವ ಬೋಕಾ ನೆನಪು ಮಾಡಿಕೋ. ದ್ವೀಪಗಳ ಸಂದಿನಲ್ಲಿ ತಿರುಗಿದ ಕೂಡಲೇ ಒಳಗಿನ ಶಾಂತ ನೀರು ಮುಗಿದು ಹೊರಗಿನ ದೊಡ್ಡ ಅಲೆ ಎದೆಗೆ ಬರುತ್ತದಲ್ಲ, ಅದೂ ತಿರುವಿನ ಒಳಗೇ. ಅಲ್ಲಿ ರಾಲ್‌ನ ಕೈ ಏನು ಮಾಡುತ್ತದೆ? ನಾನು ಕಲಿಸಿದ್ದನ್ನೇ ಮಾಡುತ್ತದೆ.

ಇದೇ ಕಾರಣ. ನಾನು ಮತ್ತೆ ಬರೆಯುವವರೆಗೆ ಆ ದೋಣಿಯ ಹಿಡಿಕೆಗೆ ನೀನು ಕೈ ಹಾಕಬೇಡ.

ಅಪ್ಪ,
ಯೂಸ್ಟಸ್


ಫೋರ್ಟ್ ಲಾಡರ್‌ಡೇಲ್
೮ ಮೇ ೧೯೯೭

ಪ್ರೀತಿಯ ಪಪ್ಪಾ,

ಕಾಗದ ತಲುಪಿತು, ಸ್ವಲ್ಪ ತಡವಾಗಿ. ಮೊಹಿಪ್ ಅಂಕಲ್ ಮೆಟ್ಟಿಲು ತಳದ್ದನ್ನೇ ತೆಗೆದುಕೊಳ್ಳೋಣ ಎಂದಿದ್ದಾರೆ. ಕೊನೆಯ ಮಾತು ನಾನು ಹೇಳಬೇಕು. ದೋಣಿ ಒಳ್ಳೆಯದೇ. ತಿರುವಿನಲ್ಲಿ ಹಿಡಿಕೆ ಎಳೆಯಬಾರದು ಎಂದು ರಾಲ್‌ಗೆ ಹೇಳಿ. ಹೇಳಿದರೆ ಸಾಕು, ಅವನು ದಡ್ಡನಲ್ಲ.

ಕೆಲಸ ಜಾಸ್ತಿ ಇದೆ, ಕಾಗದ ಚಿಕ್ಕದಾಯಿತು.

ಜೋಸೆಟ್


ಕ್ಯಾರನೇಜ್
೧೮ ಮೇ ೧೯೯೭

ಜೋಸೆಟ್,

ನಿನ್ನ ಅಕ್ಷರ ಬಲಕ್ಕೆ ಬಾಗುತ್ತಿತ್ತು. ಈ ಕಾಗದದಲ್ಲಿ ಎಡಕ್ಕೆ ಬಿದ್ದಿದೆ, ಒಂದೊಂದು ಅಕ್ಷರವೂ ನನ್ನದರ ಹಾಗೆ ಇದೆ. ಅಮ್ಮನಿಗೆ ತೋರಿಸಿಲ್ಲ. ಕಾಗದ ಬಂದಿಲ್ಲ ಎಂದಿದ್ದೇನೆ.

ನಿನ್ನ ಬಲಗೈಗೆ ಏನಾಯಿತು?

ಅಪ್ಪ


ಫೋರ್ಟ್ ಲಾಡರ್‌ಡೇಲ್
೨೭ ಮೇ ೧೯೯೭

ಪಪ್ಪಾ,

ಮಣಿಕಟ್ಟು ಮುರಿದಿದೆ. ಪಟ್ಟಿ ಹಾಕಿದ್ದಾರೆ, ಜುಲೈಗೆ ಬಿಚ್ಚುತ್ತಾರೆ. ಪಕ್ಕೆಗೂ ಪೆಟ್ಟಾಗಿತ್ತು, ಈಗ ಉಸಿರಾಡಿದರೆ ನೋವಿಲ್ಲ. ಅಮ್ಮನಿಗೆ ಹೇಳಬೇಡಿ. ಹೇಳುವುದಾದರೆ ಕಾಲು ಜಾರಿ ಬಿದ್ದಳು ಅನ್ನಿ.

ನಿಮ್ಮ ಏಪ್ರಿಲ್ ಕಾಗದ ಬಂದದ್ದು ಅದಾದ ಮರುದಿನ. ಆಸ್ಪತ್ರೆಯಿಂದ ಬಂದು ಬಾಗಿಲು ತೆಗೆದರೆ ನೆಲದ ಮೇಲೆ ಬಿದ್ದಿತ್ತು.

ಆ ದಿನ ಸಮುದ್ರದಲ್ಲಿ ಓಡಿಸಿದೆವು. ಸ್ಟಿಯರಿಂಗ್ ಮಾರುವವರ ಮನುಷ್ಯನದು, ಹಿಡಿಕೆ ನನ್ನದು. ನಾನೇ ಕೇಳಿ ಹಿಡಿದೆ. ‘ತಿರುವಲ್ಲಿ ಎಳೀಬೇಡ, ನೆನಪಿಟ್ಕೋ’ ಎಂದು ಅವನು ಮೊದಲೇ ಹೇಳಿದ್ದ. ಮೂರು ಸಲ ತಿರುಗಿದೆವು, ಏನೂ ಆಗಲಿಲ್ಲ. ನಾಲ್ಕನೆಯ ಸಲ ಎದುರಿಗೆ ಒಂದು ದೊಡ್ಡ ದೋಣಿ ಹಾದು ಹೋದದ್ದರ ಅಲೆ ಬಂತು. ಎಳೆಯಬಾರದು ಎಂದು ನನಗೆ ಗೊತ್ತಿತ್ತು ಪಪ್ಪಾ. ಗೊತ್ತಿದೆ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಲೇ ಇದ್ದೆ. ಆಮೇಲೆ ನೋಡಿದರೆ ಸೂರ್ಯ ಬೇರೆ ಕಡೆ ಇದ್ದ. ಶಬ್ದವೇ ಇರಲಿಲ್ಲ. ಸ್ಟಿಯರಿಂಗ್ ಹಿಡಿದಿದ್ದವನು ನೀರಿನಲ್ಲಿದ್ದ. ನನ್ನ ಕೈ ಇನ್ನೂ ಹಿಡಿಕೆಯ ಮೇಲೇ ಇತ್ತು, ಪೂರ್ತಿ ಹಿಂದಕ್ಕೆ ಎಳೆದ ಹಾಗೇ.

ಅವನು ಬದುಕಿದ್ದಾನೆ. ಭುಜ ಕಳಚಿತ್ತು. ದೋಣಿಗೆ ಒಂದು ಗೀರೂ ಆಗಲಿಲ್ಲ.

ಆದರೂ ಇದನ್ನು ಕೇಳಿ. ದೋಣಿಯದು ತಪ್ಪಲ್ಲ. ಕೈಯನ್ನು ಬದಲಾಯಿಸಬಹುದು. ನನಗೆ ಒಮ್ಮೆ ಆಯಿತು, ಇನ್ನು ಆಗುವುದಿಲ್ಲ. ರಾಲ್‌ಗೆ ಇನ್ನೂ ಎರಡು ತಿಂಗಳು ಸಮಯವಿದೆ. ನೀವು ಕಲಿಸಿದ್ದನ್ನು ನೀವೇ ಬಿಡಿಸಬಲ್ಲಿರಿ.

ಜೋಸೆಟ್


ಕ್ಯಾರನೇಜ್
೫ ಜೂನ್ ೧೯೯೭

ಜೋಸೆಟ್,

ಬಿಡಿಸಬಲ್ಲೆನೇ ಎಂದು ನೋಡಿದೆ. ಕೇಳು.

ಅಡುಗೆ ಮನೆಯ ಕುರ್ಚಿಯನ್ನು ಹಿತ್ತಿಲಲ್ಲಿ ಹಾಕಿದೆ. ಪಕ್ಕದಲ್ಲಿ ಬಣ್ಣದ ಡಬ್ಬಿಗೆ ಮರಳು ತುಂಬಿ ಪೊರಕೆ ಕೋಲು ನೆಟ್ಟೆ. ಅದೇ ಹಿಡಿಕೆ. ರಾಲ್‌ನನ್ನು ಕೂರಿಸಿದೆ. ‘ಕಣ್ಮುಚ್ಚು. ಬೋಕಾದ ತಿರುವಲ್ಲಿ ಇದೀಯ. ಏನಾದ್ರೂ ಆಗ್ಲಿ, ಕೋಲು ಅಲ್ಲಾಡಬಾರ್ದು’ ಎಂದೆ. ಅಮ್ಮ ಹಿಂದಿನಿಂದ ಬಂದು ಕಲಾಲು ಸೊಪ್ಪಿನ ಸಾರು ಮಾಡುವ ಪಾತ್ರೆಯ ಮುಚ್ಚಳವನ್ನು ಅವನ ಕಿವಿಯ ಹತ್ತಿರ ಬಡಿದಳು. ಕೋಲು ಹಿಂದಕ್ಕೆ ಹೋಯಿತು.

‘ಅಮ್ಮಾ! ಪಂದ್ಯಕ್ಕೆ ಮುಂಚೆನೇ ಇಲ್ಲೇ ನನ್ ಕಥೆ ಮುಗಿಸ್ತೀಯಾ?’ ಎಂದು ನಕ್ಕ. ನಾವೂ ನಕ್ಕೆವು. ಮತ್ತೆ ಬಡಿದಳು. ಮತ್ತೆ ಹಿಂದಕ್ಕೆ.

ಮರುದಿನ ಬೆಳಿಗ್ಗೆ ಅವನು ಹಿತ್ತಿಲಿಗೆ ಹೋಗಿ ತಾನಾಗೇ ಆ ಕುರ್ಚಿಯಲ್ಲಿ ಕೂತ. ಸದ್ದು ಬಂತು, ಕೋಲು ಅಲ್ಲಾಡಲಿಲ್ಲ. ‘ನೋಡಿದ್ರಾ ಪಪ್ಪಾ! ಮುಗೀತು’ ಎಂದ. ನಾನು ಅವನ ತೋಳು ಮುಟ್ಟಿ ನೋಡಿದೆ, ಕಲ್ಲಾಗಿತ್ತು. ಅದು ಕಾಯುತ್ತಾ ಕೂತಿದ್ದ ಕೈ. ಬೋಕಾದ ಅಲೆ ಹೇಳಿ ಕಳಿಸಿ ಬರುವುದಿಲ್ಲ. ಅವತ್ತು ಅವನು ಊಟ ಮುಗಿಸಿ ಆ ಕುರ್ಚಿಯಲ್ಲೇ ಕಾಲು ಚಾಚಿಕೊಂಡು, ಕೋಲಿನ ಮೇಲೆ ಕೈ ಇಟ್ಟುಕೊಂಡು ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದಾಗ ಅಮ್ಮನಿಗೆ ಸನ್ನೆ ಮಾಡಿದೆ. ಕೋಲು ಹಿಂದಕ್ಕೆ ಹೋಗಿ ಡಬ್ಬಿಯೇ ಉರುಳಿತು, ಮರಳೆಲ್ಲ ಚೆಲ್ಲಿತು. ಅವನು ಈ ಸಲ ನಗಲಿಲ್ಲ. ಮರಳನ್ನು ಬೊಗಸೆಯಲ್ಲಿ ತುಂಬಿ ಮತ್ತೆ ಡಬ್ಬಿಗೆ ಹಾಕಿದ. ‘ನಂಗೆ ಗೊತ್ತಿತ್ತು ಪಪ್ಪಾ. ಆದ್ರೂ ಹೋಯ್ತು’ ಎಂದ. ನೀನು ಬರೆದ ಮಾತೇ. ನಿನ್ನ ಕಾಗದ ಅವನು ಓದಿಲ್ಲ.

ಈಗ ಅವನು ಕೆಲಸದಿಂದ ಬಂದು ಬಟ್ಟೆಯೂ ಬದಲಿಸದೆ ಆ ಕುರ್ಚಿಯಲ್ಲಿ ಒಬ್ಬನೇ ಕೂರುತ್ತಾನೆ. ತಮಾಷೆ ನಿಂತಿದೆ. ಅದು ನನಗೆ ಸರಿ ಕಾಣುವುದಿಲ್ಲ.

ಮೊಹಿಪ್ ಬಂದಿದ್ದ. ಕುರ್ಚಿ, ಕೋಲು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಹೆದರೋರು ಮನೇಲಿ ಇರ್ಬೇಕು ಯೂಸ್ಟಸ್ ಅಂಕಲ್’ ಎಂದು ನನ್ನ ಕಿವಿಗೆ ಕಿರುಚಿದ. ನಾನೂ ಕಿರುಚಿಯೇ ಹೇಳಿದೆ. ‘ನಾನು ಮನೇಲೇ ಇದೀನಿ. ನೀನೂ ಆ ದಿನ ಟೊಬೇಗೋ ದಡದಲ್ಲಿ ಬೀರ್ ಹಿಡ್ಕೊಂಡು ನಿಂತಿರ್ತೀಯ. ದೋಣೀಲಿ ಇರೋರು ನನ್ ಮಕ್ಳು.’ ಅವನು ಕೆಟ್ಟವನಲ್ಲ. ಆಳ ತಳದ್ದನ್ನು ಕೊಂಡರೂ ಸರಿ, ಜೋಸೆಟ್ ಹೇಳಿದ್ದೇ ಆಗಲಿ, ಆದರೆ ತಿಂಗಳ ಕೊನೆಗೆ ಹಡಗಿಗೆ ಹತ್ತಿಸಬೇಕು ಎಂದ. ಅಂದರೆ ಮಾತು ನಿನ್ನ ಮೇಲೆ ನಿಂತಿದೆ.

ಅವನು ಹೋದ ಮೇಲೆ ಆ ಕುರ್ಚಿಯಲ್ಲಿ ನಾನು ಕೂತೆ, ಕಾಲು ನೋಯುತ್ತಿತ್ತು. ಕೋಲಿನ ಮೇಲೆ ಕೈ ಇಟ್ಟುಕೊಂಡು ನಿನ್ನ ಯೋಚನೆಯಲ್ಲೇ ಇದ್ದೆ. ಯೂನಾ ಹಿಂದಿನಿಂದ ಬಂದದ್ದು ತಿಳಿಯಲಿಲ್ಲ. ನನಗೆ ಮುಚ್ಚಳದ ಸದ್ದು ಕೇಳಿಸುವುದಿಲ್ಲ ಎಂದು ಅವಳಿಗೆ ಗೊತ್ತು. ಕುರ್ಚಿಯ ಕಾಲಿಗೆ ಒದ್ದಳು.

ಜೋಸೆಟ್, ಎಷ್ಟು ದಿನದಿಂದ ಈ ಮನೆಯಲ್ಲಿ ಎಳೆಯಬೇಡ ಎಳೆಯಬೇಡ ಎಂದು ಬಾಯಿ ಬಡಿದುಕೊಳ್ಳುತ್ತಿರುವವನು ನಾನು. ನನ್ನ ಕೈ ಹಿಂದಕ್ಕೆ ಹೋಯಿತು. ಎಷ್ಟು ಜೋರಾಗಿ ಎಂದರೆ ಕೋಲು ಮುರಿಯಿತು.

ಯೂನಾ ಮುರಿದ ತುಂಡು ಎತ್ತಿಕೊಂಡು ನನ್ನ ಎದುರು ಬಂದು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದಳು. ‘ಜೋಸೆಟ್ ಕೈಗೆ ಏನಾಗಿದೆ?’ ಲಕೋಟೆಯ ಮೇಲಿನ ನಿನ್ನ ಅಕ್ಷರವನ್ನು ಅವಳೂ ನೋಡಿದ್ದಳಂತೆ. ನಾನು ಹೇಳಿದೆ. ಕಾಲು ಜಾರಿದ ಕಥೆ ಹೇಳಲಿಲ್ಲ. ಪಂದ್ಯದ ದಿನ ಅವಳು ರೇಡಿಯೋವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ನಿನಗೆ ಗೊತ್ತಲ್ಲ. ಈ ವರ್ಷ ಜೂನ್‌ನಲ್ಲೇ ಹಾಕಿದ್ದಾಳೆ.

ಆ ದೋಣಿಯನ್ನು ನಾನು ಬೈಯುವುದಿಲ್ಲ. ಅಡಿಗೆ ಹೋಗಿ ಮುಟ್ಟಿ ಬಂದಿದ್ದೇನೆ. ಒಳ್ಳೆಯ ದೋಣಿ, ಮುಂದೆ ಎಲ್ಲರೂ ಅದನ್ನೇ ಓಡಿಸುತ್ತಾರೆ. ಬೇರೆ ಕೈಯಲ್ಲಿ ಕಲಿತ ಮಕ್ಕಳು ಓಡಿಸಲಿ. ನಮ್ಮ ಮನೆಯ ಕೈ ಅದಕ್ಕೆ ಆಗದು. ಆಳ ತಳದಲ್ಲಿ ಹಿಂದೆ ಬಿದ್ದರೆ ಬೀಳಿ. ಕೊನೆಯವರಾಗಿ ಬಂದರೂ ಬಂದಿರಲ್ಲ ಎಂದು ದಡದಲ್ಲಿ ನಿಂತಿರುತ್ತೇನೆ.

ನನಗೆ ಹೆದರಿಕೆಯಾಗಿದೆ. ಬರೆದಿದ್ದೇನೆ. ಇನ್ನೊಂದು ಸಲ ಬರೆಯುವುದಿಲ್ಲ.

ನಿನಗೆ ಒಮ್ಮೆ ಆಗಿದೆ, ಇನ್ನು ಆಗುವುದಿಲ್ಲ ಎಂದಿದ್ದೀಯ. ನೋಡೋಣ. ನಿಮ್ಮ ಶೆಡ್ಡಿನಲ್ಲಿ ಯಾವುದಾದರೂ ಕುರ್ಚಿಯ ಪಕ್ಕ ಒಂದು ಕೋಲು ನೆಟ್ಟುಕೋ. ಬಲಗೈ ಪಟ್ಟಿಯಲ್ಲಿದೆ, ಎಡಗೈ ಸಾಕು, ಕಲಿಸಿದ್ದು ಎರಡಕ್ಕೂ. ಊಟಕ್ಕೆ ಕೂರುವಾಗೆಲ್ಲ ಅಲ್ಲೇ ಕೂತು ಕೋಲಿನ ಮೇಲೆ ಕೈ ಇಟ್ಟಿರು. ಯಾವ ದಿನ ಎಂದು ಹೇಳದೆ, ನೀನು ಮರೆತ ಮೇಲೆ ಬಂದು ಹೆದರಿಸಲು ಯಾರಿಗಾದರೂ ಒಪ್ಪಿಸು. ಕೋಲು ನಿಂತಲ್ಲೇ ನಿಂತರೆ ಮೆಟ್ಟಿಲು ತಳದ್ದನ್ನು ಕೊಳ್ಳು, ಹಿಡಿಕೆ ನೀನು ಹಿಡಿ, ಸ್ಟಿಯರಿಂಗ್ ರಾಲ್‌ಗೆ ಕೊಡು, ನಾನು ಬಾಯಿ ತೆರೆಯುವುದಿಲ್ಲ. ಹಿಂದಕ್ಕೆ ಹೋದರೆ ಆಳ ತಳ.

ನಿನ್ನ ಕೈ ಎತ್ತ ಹೋಯಿತು ಎಂದು ಬರೆ. ಸುಳ್ಳು ಬರೆಯಬೇಡ. ಇಪ್ಪತ್ತೊಂದನೇ ತಾರೀಖು ಶನಿವಾರದೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಅಪ್ಪ,
ಯೂಸ್ಟಸ್ ಲೆಸಾಮಾ